ಗಂಡಭೇರುಂಡದ ಅಜ್ಜಿ



ಪುಣೆಯ ಸೋಮವಾರ ಪೇಟೆಯಲ್ಲಿ ತ್ರಿಶುಂಡ ಗಣಪತಿಯ ಗುಡಿ ಇದೆ. ದಗಡೂಶೇಟ್ ಗಣಪತಿಯ ಮುಂದಿನ ನೂಕುನುಗ್ಗಲು ಇಲ್ಲಿಲ್ಲ. ಸಂದಿಯೊಂದರಲ್ಲಿ ಹೊರಳಿದಾಗ ಥಟ್ಟನೆ ಎದುರಾಗುವ ಕಪ್ಪು ಕಲ್ಲಿನ ಪುಟ್ಟ ಕಟ್ಟಡ. 1754ರಲ್ಲಿ ಕೆಲಸ ಶುರುವಾಗಿ 1770ರಲ್ಲಿ ಮುಗಿದದ್ದು. ಒಳಗಿನ ಗಣಪತಿಗೆ ಮೂರು ಸೊಂಡಿಲು, ಆರು ಕೈ. ಕೂತದ್ದು ಇಲಿಯ ಮೇಲಲ್ಲ, ನವಿಲಿನ ಮೇಲೆ. ಗುಡಿಯ ಮುಂಗೋಡೆಯ ತುಂಬ ಕೆತ್ತನೆ. ಅದರ ನಡುವೆ ಸರಪಳಿಯಲ್ಲಿ ಬಿಗಿದ ಒಂದು ಘೇಂಡಾಮೃಗ, ಅದನ್ನು ಹಿಡಿದು ನಿಂತ ಪರದೇಶದ ಸಿಪಾಯಿಗಳು. ಪ್ಲಾಸಿ ಕದನದ ನಂತರ ಕಂಪನಿ ಬಂಗಾಲವನ್ನು ಕಟ್ಟಿಹಾಕಿದ್ದನ್ನೇ ಶಿಲ್ಪಿ ಹೀಗೆ ತೋರಿಸಿದ್ದಾನೆ ಎನ್ನುವವರಿದ್ದಾರೆ.

ಹೋದ ಮಳೆಗಾಲದಲ್ಲಿ ಮೊಮ್ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅವಳು ವಿಡಿಯೋ ಗೇಮುಗಳಿಗೆ ಪ್ರಾಣಿ ಬರೆಯುವುದನ್ನು ಕಲಿಯುತ್ತಿದ್ದಾಳೆ. ಅಂಥದಕ್ಕೂ ಒಂದು ಕೋರ್ಸು ಇದೆ ಎಂದು ನನಗೆ ಗೊತ್ತಾದದ್ದು ಫೀಸು ಕಟ್ಟುವಾಗ. ಘೇಂಡಾಮೃಗದ ಮುಂದೆ ಕೊಡೆ ಹಿಡಿದು ಬಹಳ ಹೊತ್ತು ನಿಂತವಳು ಅಂದಳು: "ಅಜ್ಜಾ, ಇದೊಂದು ಕೂಡಿ ಬಂದಿಲ್ಲ ನೋಡು. ಕೊಂಬು ಯಾರರೆ ಮೂಗಿನ ಮ್ಯಾಲೆ ಇಡ್ತಾರೇನು? ನಮ್ಮ ಸರ್ ನೋಡಿದ್ರ ವಾಪಸ್ ಕೊಡ್ತಾರ."

ತಮಾಷೆಗೆ ಅಂದದ್ದು. ಆದರೆ ಆ ಮಾತು ನನ್ನ ತಲೆಯಲ್ಲಿ ಕೂತಿತು. ಮೂರು ಸೊಂಡಿಲನ್ನು ಕಣ್ಣು ಒಪ್ಪಿತು, ಒಂದು ಕೊಂಬನ್ನು ಒಪ್ಪಲಿಲ್ಲ. ಇರುವ ಪ್ರಾಣಿ ಸುಳ್ಳಿನಂತೆ ಕಂಡಿತು.

ಇದು ಹೊಸದೇನಲ್ಲ. ಗುಜರಾತಿನ ಸುಲ್ತಾನ ಮುಜಫ್ಫರ್ ಶಾಹ ಪೋರ್ಚುಗೀಸರಿಗೆ ಒಂದು ಘೇಂಡಾಮೃಗವನ್ನು ಉಡುಗೊರೆ ಕೊಟ್ಟಿದ್ದ. ಅದು ಗೋವಾದಿಂದ ಹಡಗು ಹತ್ತಿ 1515ರ ಮೇ ತಿಂಗಳಲ್ಲಿ ಲಿಸ್ಬನ್ ಮುಟ್ಟಿತು. ಜರ್ಮನಿಯ ಕಲಾವಿದ ಡ್ಯೂರರ್ ಅದನ್ನು ಕಣ್ಣಾರೆ ಕಾಣಲಿಲ್ಲ. ಯಾರೋ ಕಳಿಸಿದ ವರ್ಣನೆ, ಒಂದು ಗೀಚುಚಿತ್ರ, ಇಷ್ಟನ್ನೇ ಇಟ್ಟುಕೊಂಡು ಮರದಚ್ಚಿನಲ್ಲಿ ಚಿತ್ರ ತೆಗೆದ. ಮೈತುಂಬ ಕವಚ ತೊಡಿಸಿದ, ಭುಜದ ಮೇಲೆ ತನ್ನದೇ ಒಂದು ಚಿಕ್ಕ ತಿರುಚು ಕೊಂಬನ್ನೂ ನೆಟ್ಟ. ಯುರೋಪು ಮುಂದೆ ಇನ್ನೂರು ವರ್ಷ ಆ ಎರಡನೆಯ ಕೊಂಬನ್ನು ನಂಬಿತು. ಪ್ರಾಣಿ ನಮ್ಮದು, ಕೊಂಬು ಅವರದು.

ಹಾಗಾದರೆ ಕಲ್ಪನೆಯ ಪ್ರಾಣಿಯೊಂದು ಬದುಕೀತೋ ಇಲ್ಲವೋ ಎಂದು ಹೇಳುವುದು ಹೇಗೆ? ಕಣ್ಣಿನ ಸಾಕ್ಷಿ ಸಾಲದು ಎಂಬುದಂತೂ ಆಯಿತು. ಪುಣೆಯಲ್ಲಿ ಮೂವತ್ತೈದು ವರ್ಷ ಪ್ರಾಣಿಶಾಸ್ತ್ರ ಕಲಿಸಿದ ಧಾರವಾಡದ ಮೇಷ್ಟ್ರು ನಾನು. ಮೊಮ್ಮಗಳಿಗೆ ಆವತ್ತು ಚಹಾದ ಅಂಗಡಿಯಲ್ಲಿ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ರೇಡಿಯೋದಲ್ಲಿ ಚಿತ್ರ ತೋರಿಸಲಾಗದು, ಚಿತ್ರ ನೀವೇ ಬರೆದುಕೊಳ್ಳಬೇಕು.

ಅವಳು ಟ್ಯಾಬ್ಲೆಟ್ ತೆಗೆದು ತನ್ನ ಹೊಸ ಪ್ರಾಣಿಯನ್ನು ತೋರಿಸಿದಳು. ಎರಡು ಸೂರ್ಯರ ಗ್ರಹವೊಂದರಲ್ಲಿ ಅದರ ವಾಸ. ನಾಲ್ಕು ಕಾಲು, ಬೆನ್ನ ಮೇಲೆ ಎರಡು ರೆಕ್ಕೆ, ಚೇಳಿನ ಬಾಲ, ಮೊಸಳೆಯ ಬಾಯಿ. ಕೈಚಳಕಕ್ಕೆ ನಾನು ತಲೆದೂಗಿದೆ. ಆಮೇಲೆ ಕೇಳಿದೆ, "ಇದರ ಅಜ್ಜಿ ಹ್ಯಾಂಗಿದ್ದಳು?"

ಅವಳು ನಕ್ಕಳು. "ಗೇಮಿನಾಗ ಅಜ್ಜಿ ಯಾಕ ಬೇಕಜ್ಜಾ?"

ಯಾಕೆ ಬೇಕು ಎಂದು ಹೇಳಲು ನನಗೊಂದು ಮನೆಯ ಕಥೆ ಬೇಕು. ನಾನು ಪುಣೆಗೆ ಬಂದ ಹೊಸತರಲ್ಲಿ ಸದಾಶಿವ ಪೇಟೆಯ ವಾಡೆಯೊಂದರಲ್ಲಿ ಬಾಡಿಗೆಗಿದ್ದೆ. ಆ ವಾಡೆಯಲ್ಲಿ ನಮ್ಮ ಅಡುಗೆಮನೆಗೆ ಹೋಗಬೇಕಾದರೆ ಮೊದಲು ಮೂರು ಮೆಟ್ಟಿಲು ಇಳಿದು, ನಾಲ್ಕು ಹೆಜ್ಜೆ ನಡೆದು, ಮತ್ತೆ ಮೂರು ಮೆಟ್ಟಿಲು ಹತ್ತಬೇಕು. ಯಾಕೆಂದರೆ ಒಂದು ಕಾಲಕ್ಕೆ ಆ ನಡುವಿನ ತಗ್ಗಿನಲ್ಲಿ ದನ ಕಟ್ಟುತ್ತಿದ್ದರು. ದನ ಹೋದವು, ಗೋದಲಿ ಹೋಯಿತು, ಕರೆಂಟು ಬಂತು, ನಳ ಬಂತು, ತಗ್ಗು ಮಾತ್ರ ಉಳಿಯಿತು. ಮನೆಯಲ್ಲಿ ಜನ ಇದ್ದಂತೆಯೇ ರಿಪೇರಿ ನಡೆಯಬೇಕು. ಎಲ್ಲರನ್ನೂ ಹೊರಗೆ ಹಾಕಿ, ನೆಲಸಮ ಮಾಡಿ, ಹೊಸ ನಕ್ಷೆಯಲ್ಲಿ ಕಟ್ಟುವ ಸವಲತ್ತು ಇಲ್ಲ.

ಜೀವವಿಕಾಸ ಇಂಥ ವಾಡೆಯ ಮಾಲೀಕ. ಬಾಡಿಗೆದಾರರನ್ನು ಒಂದು ದಿನವೂ ಹೊರಗೆ ಹಾಕುವಂತಿಲ್ಲ. ಅಜ್ಜಿ, ಮುತ್ತಜ್ಜಿ, ಅವಳ ಮುತ್ತಜ್ಜಿ, ಎಲ್ಲರೂ ಬದುಕಿ, ತಿಂದು, ಮರಿ ಹಾಕಿದ್ದರೆ ಮಾತ್ರ ಮೊಮ್ಮಗಳು. ಅದಕ್ಕೇ ನಿಜವಾದ ಪ್ರಾಣಿಯ ಮೈಯಲ್ಲಿ ಎಲ್ಲೋ ಒಂದು ಕಡೆ ಆ ದನದ ಕೊಟ್ಟಿಗೆಯ ತಗ್ಗು ಸಿಕ್ಕೇ ಸಿಗುತ್ತದೆ. ಜಿರಾಫೆಯ ಕುತ್ತಿಗೆಯಲ್ಲಿರುವುದು ಏಳೇ ಎಲುಬು. ನಿಮ್ಮ ಕುತ್ತಿಗೆಯಲ್ಲೂ ಏಳು, ಇಲಿಯದರಲ್ಲೂ ಏಳು. ಉದ್ದ ಬೇಕಾದಾಗ ಎಂಟನೆಯದನ್ನು ಸೇರಿಸಲಿಲ್ಲ, ಇದ್ದ ಏಳನ್ನೇ ಎಳೆಯಿತು. ಅದರ ಗಂಟಲಿಗೆ ಮಿದುಳಿನಿಂದ ಬರುವ ಒಂದು ನರ ನೇರ ಬರುವುದಿಲ್ಲ. ಕುತ್ತಿಗೆಯುದ್ದ ಕೆಳಗಿಳಿದು, ಎದೆಯಲ್ಲಿ ಹೃದಯದ ಹತ್ತಿರದ ದೊಡ್ಡ ರಕ್ತನಾಳವನ್ನು ಬಳಸಿ, ಮತ್ತೆ ಮೇಲೇರುತ್ತದೆ. ಅರ್ಧ ಅಡಿಯ ಕೆಲಸಕ್ಕೆ ನಾಲ್ಕು ಮೀಟರಿಗೂ ಮಿಕ್ಕಿದ ಪ್ರಯಾಣ. ಕುತ್ತಿಗೆಯೇ ಇಲ್ಲದ ಮೀನು ಅಜ್ಜಿಯ ಕಾಲಕ್ಕೆ ಆ ದಾರಿ ನೇರವಾಗಿಯೇ ಇತ್ತು.

ಎಲುಬುಳ್ಳ ನೆಲವಾಸಿಗಳಿಗೆಲ್ಲ ನಾಲ್ಕೇ ಅಂಗ. ಸುಮಾರು 37 ಕೋಟಿ ವರ್ಷದ ಹಿಂದೆ ನೀರಂಚಿಗೆ ತೆವಳಿದ ಮೀನುಗಳಿಗೆ ಎರಡು ಜೊತೆ ಈಜುರೆಕ್ಕೆಗಳಿದ್ದವು, ಆ ಲೆಕ್ಕ ಇಂದಿಗೂ ತಪ್ಪಿಲ್ಲ. ಹಾವು ನಾಲ್ಕನ್ನೂ ಕಳೆದುಕೊಂಡಿತು, ತಿಮಿಂಗಿಲ ಹಿಂದಿನ ಎರಡನ್ನು. ಐದನೆಯದನ್ನು ಪಡೆದವರು ಯಾರೂ ಇಲ್ಲ. ಹಕ್ಕಿಯ ರೆಕ್ಕೆ ಅದರ ಕೈ, ಬಾವಲಿಯ ರೆಕ್ಕೆಯೂ ಕೈಯೇ. ಹಾಗಾಗಿ ನಾಲ್ಕು ಕಾಲಿನ ಮೇಲೆ ಬೇರೆ ರೆಕ್ಕೆ ಹೊತ್ತ ಡ್ರ್ಯಾಗನ್, ರೆಕ್ಕೆಯ ಕುದುರೆ, ಕ್ಯಾಲೆಂಡರಿನ ಕಾಮಧೇನು, ಇವರೆಲ್ಲ ನಮ್ಮ ನೆಂಟರಲ್ಲ. ಬೇರೆ ಗ್ರಹದಲ್ಲಿ ಆರು ಅಂಗದ ಮೀನು ದಡ ಹತ್ತಿದ್ದರೆ ಆರು ನಡೆದೀತು, ಯಾರೂ ಬೇಡವೆನ್ನುವುದಿಲ್ಲ. 2009ರ 'ಅವತಾರ್' ಸಿನಿಮಾದ ಪಂಡೋರಾ ಎಂಬ ಲೋಕದಲ್ಲಿ ಕುದುರೆಗೆ ಆರು ಕಾಲು ಕೊಟ್ಟರು, ಒಪ್ಪಿದೆ. ಆದರೆ ಅದೇ ಕಾಡಿನ ನೀಲಿ ಮನುಷ್ಯರಿಗೆ ಎರಡು ಕೈ ಎರಡು ಕಾಲು. ಉಳಿದೆರಡು ಎಲ್ಲಿ ಹೋದವು? ಸಿನಿಮಾದವರಿಗೂ ಈ ಪ್ರಶ್ನೆ ಚುಚ್ಚಿರಬೇಕು. ಕೋತಿಯಂಥ ಒಂದು ಪ್ರಾಣಿಯನ್ನು ಎರಡೇ ಎರಡು ಗಳಿಗೆ ಮರದ ಮೇಲೆ ತೋರಿಸುತ್ತಾರೆ. ಅದರ ಒಂದು ಬದಿಯ ಎರಡು ತೋಳುಗಳು ಮೊಣಕೈವರೆಗೆ ಅಂಟಿಕೊಂಡಿವೆ, ಮುಂದೆ ಕವಲೊಡೆದಿವೆ. ಅಜ್ಜಿಯ ಫೋಟೋವನ್ನು ಗೋಡೆಗೆ ಹಾಕಿದ ಹಾಗೆ.

ನಮ್ಮ ಹೊಯ್ಸಳ ಶಿಲ್ಪಿಗಳ ಮಕರ ಈ ಅಜ್ಜಿಯ ಪರೀಕ್ಷೆಯಲ್ಲಿ ಮೊದಲ ಪೇಪರಿನಲ್ಲೇ ಫೇಲು. ಆನೆಯ ಸೊಂಡಿಲು, ಮೊಸಳೆಯ ಬಾಯಿ, ಹಂದಿಯ ಮೈ, ಸಿಂಹದ ಪಾದ, ನವಿಲಿನ ಬಾಲ. ಮದುವೆಮನೆಯ ಕಮಿಟಿ ಸೇರಿ ತೀರ್ಮಾನ ಮಾಡಿದಂತಿದೆ. ಆದರೆ ನಾನು ಮಕರದ ಅಭಿಮಾನಿ. ಅದು ಸೋತದ್ದು ಪ್ರಾಣಿಶಾಸ್ತ್ರದಲ್ಲಿ ಮಾತ್ರ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ದೇವರನ್ನೂ ಶಿಲ್ಪವನ್ನೂ ಲ್ಯಾಬಿಗೆ ಎಳೆಯುವ ಉದ್ದೇಶ ನನಗಿಲ್ಲ. ಶಿಲ್ಪಿ ನಮಗೆ ಮೋಸ ಮಾಡಲಿಲ್ಲ, ಇದು ಕಾಡಿನಲ್ಲಿದೆ ಅನ್ನಲಿಲ್ಲ. ಕಾಡಿನಲ್ಲಿದೆ ಅನ್ನುವವರು ಗೇಮಿನವರು, ಸಿನಿಮಾದವರು. ಲೆಕ್ಕ ಅವರು ಕೊಡಲಿ.

ಆದರೂ ಬೇಲೂರಿನ ಒಂದು ಕೆತ್ತನೆಯನ್ನು ಬಿಡಲಾರೆ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇಗುಲಕ್ಕೆ ಹೋದವರಿಗೆ ಗೈಡುಗಳು ತೋರಿಸಿಯೇ ತೋರಿಸುತ್ತಾರೆ. ಜಿಂಕೆಯನ್ನು ಹೆಬ್ಬಾವು ಹಿಡಿದಿದೆ. ಹೆಬ್ಬಾವನ್ನು ಆನೆ ಎತ್ತಿದೆ. ಆನೆಯ ಮೇಲೆ ಸಿಂಹ ಎರಗಿದೆ. ಸಿಂಹವನ್ನು ಪುರಾಣದ ಮೃಗ ಶರಭ ಹಿಡಿದಿದೆ. ಶರಭವನ್ನು ಗಂಡಭೇರುಂಡ. ಪಕ್ಕದಲ್ಲಿ ಒಬ್ಬ ಋಷಿ ಬೆರಗಾಗಿ ನೋಡುತ್ತಿದ್ದಾನೆ. ಗಂಡಭೇರುಂಡವೆಂದರೆ ಗೊತ್ತಲ್ಲ, ಕರ್ನಾಟಕ ಸರ್ಕಾರದ ಲಾಂಛನದ ಎರಡು ತಲೆಯ ಹಕ್ಕಿ. ಬಳ್ಳಿಗಾವೆಯಲ್ಲಿ 1047ರಲ್ಲಿ ಚಾಮುಂಡರಾಯರಸ ನಿಲ್ಲಿಸಿದ ಗಂಡಭೇರುಂಡ ಕಂಬದಲ್ಲಿ ಮಾತ್ರ ಅದಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ.

ಶಾಲೆಯ ಪುಸ್ತಕದಲ್ಲಿ ಆಹಾರ ಸರಪಳಿ ಎಂದು ಬರುತ್ತದಲ್ಲ, ಹುಲ್ಲು, ಮಿಡತೆ, ಕಪ್ಪೆ, ಹಾವು, ಗಿಡುಗ, ಅದರ ಕಲ್ಲಿನ ಆವೃತ್ತಿ ಇದು. ಈಗ ಇದಕ್ಕೆ ನಾಗರಹೊಳೆಯ ಲೆಕ್ಕ ಹಾಕೋಣ. ಅಲ್ಲಿಯ ಹುಲಿಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಉಲ್ಲಾಸ ಕಾರಂತರ ಪ್ರಕಾರ ಒಂದು ಹುಲಿ ವರ್ಷಕ್ಕೆ ಜಿಂಕೆ, ಕಡವೆಯಂಥ ಸುಮಾರು 50 ಪ್ರಾಣಿಗಳನ್ನು ಕೊಲ್ಲುತ್ತದೆ. ಹಿಂಡು ಕರಗದೆ ಇಷ್ಟನ್ನು ಕೊಡಬೇಕಾದರೆ ಅಲ್ಲಿ 500 ಬಲಿಪ್ರಾಣಿಗಳಾದರೂ ಇರಬೇಕು. ಬಡ್ಡಿಯಲ್ಲಿ ಬದುಕಬೇಕು, ಅಸಲಿಗೆ ಕೈ ಹಾಕುವಂತಿಲ್ಲ. ಸಿಂಹಕ್ಕೂ ಇದೇ ದರ ಇಟ್ಟುಕೊಳ್ಳಿ. ಆನೆ ಹೆಬ್ಬಾವನ್ನು ತಿನ್ನುವುದಿಲ್ಲವಾದ್ದರಿಂದ ಎರಡನ್ನೂ ಲೆಕ್ಕದಿಂದ ಬಿಡೋಣ. ಒಂದು ಸಿಂಹಕ್ಕೆ 500 ಜಿಂಕೆ. ಸಿಂಹವನ್ನೇ ತಿಂದು ಬದುಕುವ ಒಂದು ಶರಭಕ್ಕೆ 500 ಸಿಂಹ, ಅಂದರೆ ಎರಡೂವರೆ ಲಕ್ಷ ಜಿಂಕೆ. ಶರಭವನ್ನು ತಿನ್ನುವ ಒಂದು ಗಂಡಭೇರುಂಡಕ್ಕೆ 500 ಶರಭ. ಗುಣಿಸಿ. ಹನ್ನೆರಡೂವರೆ ಕೋಟಿ ಜಿಂಕೆ. ಒಂದೇ ಒಂದು ಹಕ್ಕಿಯ ಊಟಕ್ಕೆ.

ಹೆಸರಿನಲ್ಲೇ ಗಂಡ ಇರುವ ಹಕ್ಕಿಗೆ ಹೆಂಡತಿಯೂ ಬೇಕು. ಇಪ್ಪತ್ತೈದು ಕೋಟಿ ಆಯಿತು. ಮರಿಗಳ ಮಾತು ಬೇಡ. ಆ ಋಷಿ ಬೆರಗಾದದ್ದು ಯಾಕೆಂದು ಈಗ ಗೊತ್ತಾಯಿತಲ್ಲ, ಪಾಪ, ಅವನೂ ಮನಸ್ಸಿನಲ್ಲೇ ಗುಣಿಸುತ್ತಿದ್ದಾನೆ.

ಹುಲಿಯನ್ನು ಬೇಟೆಯಾಡಿ ಬದುಕುವ ಪ್ರಾಣಿ ಭೂಮಿಯ ಮೇಲೆ ಇಲ್ಲದಿರುವುದಕ್ಕೆ ಕಾರಣ ಹುಲಿಯ ಶೌರ್ಯವಲ್ಲ, ಈ ಗುಣಾಕಾರ. ತಿಂದದ್ದರಲ್ಲಿ ಹೆಚ್ಚಿನ ಪಾಲು ಓಡಾಟಕ್ಕೆ, ಮೈಬಿಸಿಗೆ ಖರ್ಚಾಗಿ ಹೋಗುತ್ತದೆ. ಮೇಲಿನ ಮೆಟ್ಟಿಲಿಗೆ ದಾಟುವುದು ಸ್ವಲ್ಪವೇ. ನಾಲ್ಕೈದು ಮೆಟ್ಟಿಲಲ್ಲಿ ಬಂಡವಾಳ ಮುಗಿಯುತ್ತದೆ. ಮೊಮ್ಮಗಳ ಗೇಮನ್ನು ಆಮೇಲೆ ನಾನೂ ಸ್ವಲ್ಪ ಆಡಿದೆ. ಇಡೀ ಗ್ರಹದಲ್ಲಿ ಎತ್ತ ನೋಡಿದರೂ ಕೋರೆಹಲ್ಲಿನವರೇ. ಒಬ್ಬರಾದರೂ ಹುಲ್ಲು ಮೇಯುವವರು ಕಾಣಲಿಲ್ಲ. ಎಲ್ಲರೂ ಸಾಹುಕಾರರೇ ಇದ್ದು, ಉಳುವವರು ಯಾರೂ ಇಲ್ಲದ ಊರಿನ ಹಾಗೆ.

ತೂಕದ ಮಾತಿಗೆ ಬರುತ್ತೇನೆ. ಜೆ.ಬಿ.ಎಸ್. ಹಾಲ್ಡೇನ್ ಎಂಬ ದೊಡ್ಡ ಜೀವವಿಜ್ಞಾನಿ ಇಂಗ್ಲೆಂಡ್ ಬಿಟ್ಟು ಭಾರತಕ್ಕೆ ಬಂದು, ಇಲ್ಲಿಯ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. 1926ರ ಒಂದು ಪುಟ್ಟ ಪ್ರಬಂಧದಲ್ಲಿ ಅವರು ಕಥೆಪುಸ್ತಕದ ರಾಕ್ಷಸರನ್ನು ತಕ್ಕಡಿಗೆ ಹಾಕಿದರು. ಮನುಷ್ಯನ ಆಕಾರವನ್ನೇ ಹತ್ತು ಪಟ್ಟು ಎತ್ತರ ಮಾಡಿ. ಅಗಲವೂ ಹತ್ತು ಪಟ್ಟು, ದಪ್ಪವೂ ಹತ್ತು ಪಟ್ಟು. ತೂಕ ಸಾವಿರ ಪಟ್ಟು. ತೊಡೆಯೆಲುಬಿನ ಅಡ್ಡಕೊಯ್ತ ಮಾತ್ರ ನೂರೇ ಪಟ್ಟು. ಎಲುಬಿನ ಪ್ರತಿ ಚದರ ಇಂಚಿನ ಮೇಲೆ ಹತ್ತು ಪಟ್ಟು ಹೊರೆ. ಒಂದು ಹೆಜ್ಜೆ ಇಟ್ಟರೆ ತೊಡೆ ಮುರಿಯಿತು. ಆನೆಯ ಕಾಲು ಕಂಬದಂತಿರುವುದು, ಜಿಂಕೆಯ ಕಾಲು ಕಡ್ಡಿಯಂತಿರುವುದು ಇದೇ ಕಾರಣಕ್ಕೆ. ಇರುವೆಯನ್ನು ಆನೆಯಷ್ಟು ಮಾಡಿದರೆ ಅದು ಇರುವೆಯಾಗಿ ಉಳಿಯುವುದಿಲ್ಲ.

ಮಹಾಭಾರತದಲ್ಲಿ ಘಟೋತ್ಕಚ ಸಾಯುವಾಗ ಮೈ ಬೆಳೆಸಿಕೊಂಡು ಕೌರವರ ಒಂದು ಅಕ್ಷೌಹಿಣಿಯ ಮೇಲೆ ಬೀಳುತ್ತಾನೆ. ಗಮನಿಸಿ, ಆ ಗಾತ್ರದಲ್ಲಿ ಅವನು ನಡೆಯುವುದಿಲ್ಲ, ಬೀಳುತ್ತಾನೆ. ವ್ಯಾಸರಿಗೆ ತೂಕದ ಅಂದಾಜು ನಮ್ಮ ಸಿನಿಮಾದವರಿಗಿಂತ ಚೆನ್ನಾಗಿತ್ತು.

ಹಾರುವುದಂತೂ ಇನ್ನೂ ದುಬಾರಿ. ಸೋಲಾಪುರದ ನಾನ್ನಜ್ ಬಯಲಿನಲ್ಲಿ ಒಂದು ಕಾಲಕ್ಕೆ ಸಾಕಷ್ಟು ಕಾಣುತ್ತಿದ್ದ ಎರೆಭೂತ, ಮರಾಠಿಯಲ್ಲಿ ಮಾಳಢೋಕ, ಹಾರಬಲ್ಲ ಹಕ್ಕಿಗಳಲ್ಲಿ ಅತಿ ಭಾರದವುಗಳ ಸಾಲಿನದು. ಗಂಡು ಹಕ್ಕಿ 15 ಕಿಲೋದವರೆಗೆ ತೂಗುತ್ತದೆ, ಏಳುವಾಗ ಅದರ ಪಾಡು ನೋಡಬೇಕು. ಭೂಮಿಯ ಮೇಲೆ ಎಂದಾದರೂ ಹಾರಿದ ಅತಿ ದೊಡ್ಡ ಪ್ರಾಣಿಗಳಲ್ಲಿ ಒಂದಾದ ಕ್ವೆಟ್ಜಲ್‌ಕೋಟ್ಲಸ್, ಅಮೆರಿಕದ ಒಂದು ಹಾರು ಸರೀಸೃಪ, ಹತ್ತು ಮೀಟರ್ ರೆಕ್ಕೆ ಬಿಚ್ಚುತ್ತಿತ್ತು. ತೂಕ 200ರಿಂದ 250 ಕಿಲೋ ಎಂದು ಅಂದಾಜು. ಅದು ಇಲ್ಲವಾದದ್ದು 6.6 ಕೋಟಿ ವರ್ಷದ ಹಿಂದೆ, ಈಗ ಪುಣೆ ಕೂತಿರುವ ಕಪ್ಪು ಕಲ್ಲು ಲಾವಾ ಆಗಿ ಹರಿಯುತ್ತಿದ್ದ ಹೊತ್ತಿಗೆ. ವಿಜಯನಗರದ ಅಚ್ಯುತದೇವರಾಯನ ಹೊನ್ನಿನ ನಾಣ್ಯದ ಮೇಲೆ ಗಂಡಭೇರುಂಡ ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳನ್ನು ಹಿಡಿದಿದೆ. ಒಂದೊಂದು ಆನೆ ಮೂರು ನಾಲ್ಕು ಟನ್. ನಾಣ್ಯ ಮಾತ್ರ ಉಗುರಿನಷ್ಟು.

ಎರಡು ತಲೆಯ ವಿಷಯವನ್ನು ನಾನು ಹೇಳಬೇಕಾಗಿಲ್ಲ, ಪಂಚತಂತ್ರ ಹೇಳಿ ಮುಗಿಸಿದೆ. ಭಾರುಂಡ ಪಕ್ಷಿಗೆ ತಲೆ ಎರಡು, ಹೊಟ್ಟೆ ಒಂದು. ಒಂದು ತಲೆಗೆ ರುಚಿಯಾದ ಹಣ್ಣು ಸಿಕ್ಕಿತು, ಇನ್ನೊಂದಕ್ಕೆ ಕೊಡಲಿಲ್ಲ. ಸಿಟ್ಟಿಗೆದ್ದ ಇನ್ನೊಂದು ತಲೆ ವಿಷದ ಹಣ್ಣು ತಿಂದಿತು. ಎರಡೂ ಸತ್ತವು. ಎರಡು ತಲೆಯ ಹಾವಿನ ಮರಿಗಳು ಆಗಾಗ ಹುಟ್ಟುತ್ತವೆ, ಪೇಪರಿನಲ್ಲಿ ಫೋಟೋ ಬರುತ್ತದೆ. ಒಂದೇ ಇಲಿಗೆ ಎರಡೂ ತಲೆ ಜಗಳಾಡುತ್ತವೆ, ಯಾವ ದಿಕ್ಕಿಗೆ ಹರಿಯಬೇಕೆಂಬುದೇ ಬಗೆಹರಿಯುವುದಿಲ್ಲ. ಕಾಡಿನಲ್ಲಿ ಅವಕ್ಕೆ ಆಯುಷ್ಯ ಕಡಿಮೆ. ಪಂಚತಂತ್ರದವರು ಕುಟುಂಬ ನ್ಯಾಯ ಹೇಳಲು ಹೊರಟು ಪ್ರಾಣಿಶಾಸ್ತ್ರವನ್ನೂ ಹೇಳಿಬಿಟ್ಟರು.

ಇಷ್ಟೆಲ್ಲ ಕೇಳಿದ ಮೊಮ್ಮಗಳು ಚಹಾದ ಲೋಟ ಕೆಳಗಿಟ್ಟು, "ಹಂಗಾರ ಏನೂ ಬರೀಬಾರದು ಅನ್ನು" ಎಂದಳು. ಅವಳ ಸಿಟ್ಟು ನ್ಯಾಯವಾದದ್ದೇ. ಬರೀ ಇಲ್ಲ ಇಲ್ಲ ಎನ್ನುವ ಮೇಷ್ಟ್ರನ್ನು ನಾನೂ ಕಂಡಿದ್ದೇನೆ. ಅದಕ್ಕೆ ಅವಳಿಗೆ ಒಂದು ಓತಿಯ ಕಥೆ ಹೇಳಿದೆ.

ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೋ' 1980ರಲ್ಲಿ ಬಂತು. ಯಾರೋ ಊರಿನಿಂದ ತಂದ ಪ್ರತಿಯನ್ನು ಪುಣೆಯ ನಾಲ್ಕು ಕನ್ನಡದ ಮನೆಗಳವರು ಸರದಿಯಲ್ಲಿ ಓದಿದೆವು. ಮೂಡಿಗೆರೆಯ ಕಾಡಿನಲ್ಲಿ ಕೋಟ್ಯಂತರ ವರ್ಷ ಹಿಂದಿನ ಹಾರುವ ಓತಿಯೊಂದು ಇನ್ನೂ ಉಳಿದಿದೆ ಎಂದು ಕರ್ವಾಲೋ ಎಂಬ ವಿಜ್ಞಾನಿ ಹುಡುಕಿ ಹೊರಡುತ್ತಾರೆ. ಅದನ್ನು ಕಂಡದ್ದು ಮಂದಣ್ಣ, ಊರಿನವರ ಕಣ್ಣಿಗೆ ಕೆಲಸಕ್ಕೆ ಬಾರದ ಹುಡುಗ. ಕಾದಂಬರಿಯ ಬಹುಪಾಲು ಓತಿ ಕಾಣಿಸುವುದೇ ಇಲ್ಲ. ಜೇನು, ಗದ್ದೆ, ಕೋರ್ಟು, ಮಂದಣ್ಣನ ಮದುವೆಯ ಚಿಂತೆ, ನಾಯಿ. ಕೊನೆಗೊಮ್ಮೆ ಕಂಡ ಓತಿ ಕೈಗೆ ಸಿಗದೆ ತೇಲಿಹೋಗುತ್ತದೆ. ಆದರೂ ನಾವು ಅದನ್ನು ನಂಬಿದೆವು. ಯಾಕೆಂದರೆ ತೇಜಸ್ವಿ ಓತಿಯನ್ನು ವರ್ಣಿಸಲು ಹೋಗದೆ ಅದು ಇರಬಹುದಾದ ಕಾಡನ್ನು ಮೊದಲು ಕಟ್ಟಿದರು, ಅದರ ವಂಶವನ್ನು ಹೇಳಿದರು. ಅಜ್ಜಿಯೂ ಇದ್ದಳು, ಊಟವೂ ಇತ್ತು.

ನಮ್ಮ ಘಟ್ಟದಲ್ಲಿ ನಿಜಕ್ಕೂ ಒಂದು ಹಾರುವ ಓತಿ ಇದೆ. ಶಾಸ್ತ್ರದ ಹೆಸರು ಡ್ರೇಕೋ ಡುಸುಮಿಯೆರಿ. ಡ್ರೇಕೋ ಎಂದರೆ ಡ್ರ್ಯಾಗನ್ನೇ! ಬಾಲ ಸೇರಿದರೂ ಒಂದು ಗೇಣು. ಕಾದಂಬರಿಯದರಂತೆ ಇದು ಯುಗಾಂತರದ ಪಳೆಯುಳಿಕೆಯಲ್ಲ, ಬೇಲಿಯ ಮೇಲೆ ತಲೆಯಾಡಿಸುವ ಓತಿಕ್ಯಾತನ ಹತ್ತಿರದ ಸಂಬಂಧಿ. ನಾನು ಅದನ್ನು ಮೊದಲು ಕಂಡದ್ದು ಮಲೆನಾಡಿನ ಸ್ನೇಹಿತರೊಬ್ಬರ ಅಡಿಕೆ ತೋಟದಲ್ಲಿ. ಬಿಸಿಲು ಹತ್ತುವ ಹೊತ್ತು. ಅಡಿಕೆ ಮರದ ತೊಗಟೆಯ ಬಣ್ಣವೇ ಅದರ ಬಣ್ಣ. ಗಂಟಲ ಕೆಳಗಿನ ಹಳದಿ ಚೀಲ ಒಮ್ಮೆ ಚಾಚಿ ಒಳಗೆ ಹೋಯಿತು, ಅದರಿಂದ ಅದು ಓತಿ ಎಂದು ಗೊತ್ತಾಯಿತು. ತೊಗಟೆಯ ಮೇಲೆ ಸಾಲುಹಿಡಿದ ಇರುವೆಗಳನ್ನು ಒಂದೊಂದಾಗಿ ನೆಕ್ಕುತ್ತ ಮೇಲೇರಿತು. ತುದಿಯ ಹತ್ತಿರ ಹೋಗಿ, ಮರವನ್ನು ಬಿಟ್ಟುಕೊಟ್ಟಿತು. ಬಿದ್ದೇ ಬಿತ್ತು ಅನ್ನುವಷ್ಟರಲ್ಲಿ ಎರಡೂ ಮಗ್ಗುಲಲ್ಲಿ ಚರ್ಮ ಬಿಚ್ಚಿಕೊಂಡು, ಮೂರು ಸಾಲು ಆಚೆಯ ಮರದ ಬುಡಕ್ಕೆ ತಲೆ ಮೇಲೆ ಮಾಡಿ ಅಂಟಿಕೊಂಡಿತು. ಸದ್ದೇ ಇಲ್ಲ. ರೆಕ್ಕೆ ಮಡಚಿತು, ಮತ್ತೆ ಇರುವೆ ನೆಕ್ಕಲು ಶುರು.

ಇದಕ್ಕೂ ನಾಲ್ಕೇ ಕಾಲು. ರೆಕ್ಕೆ ಬಂದದ್ದು ಎಲ್ಲಿಂದ? ಪಕ್ಕೆಲುಬಿನಿಂದ. ಐದಾರು ಜೊತೆ ಪಕ್ಕೆಲುಬುಗಳು ಉದ್ದಕ್ಕೆ ಬೆಳೆದು ಕೊಡೆಯ ಕಡ್ಡಿಗಳಂತೆ ಚರ್ಮವನ್ನು ಬಿಚ್ಚುತ್ತವೆ. ಐದನೆಯ ಅಂಗ ಬೇಡಲಿಲ್ಲ, ಇದ್ದದ್ದನ್ನೇ ಎಳೆಯಿತು, ಜಿರಾಫೆಯ ಕುತ್ತಿಗೆಯಂತೆ. 2017ರಲ್ಲಿ ಜರ್ಮನಿಯ ಡೇಲಿಂಗ್ ಎಂಬ ಸಂಶೋಧಕರು ಇನ್ನೊಂದು ಸಂಗತಿ ಪ್ರಕಟಿಸಿದರು. ಅವರು ನೋಡಿದ್ದು ಬೇರೆಲ್ಲೂ ಅಲ್ಲ, ಆಗುಂಬೆಯ ಆಸುಪಾಸಿನಲ್ಲಿ. ಗಾಳಿಗೆ ಹಾರಿದ ಕೂಡಲೇ ಈ ಓತಿ ಮುಂಗೈಯನ್ನು ಹಿಂದಕ್ಕೆ ಮಡಚಿ ರೆಕ್ಕೆಯ ಮುಂದಿನ ಅಂಚನ್ನು ಹಿಡಿದುಕೊಳ್ಳುತ್ತದೆ. ಹಿಡಿದು ಎಳೆಯುತ್ತ ದಿಕ್ಕು ತಿರುಗಿಸುತ್ತದೆ. ಮಳೆಗಾಳಿಗೆ ನಾವು ಕೊಡೆಯ ಅಂಚನ್ನು ಹಿಡಿದುಕೊಳ್ಳುವುದಿಲ್ಲವೇ, ಹಾಗೆ.

ಇದರ ಅರ್ಧ ರೆಕ್ಕೆಯ ಅಜ್ಜಿ ಹೇಗೆ ಬದುಕಿದಳು? ಚೆನ್ನಾಗಿಯೇ ಬದುಕಿದಳು. ಮರದಿಂದ ಮರಕ್ಕೆ ನೆಗೆಯುವವರಿಗೆ ಮಗ್ಗುಲಿನ ಚರ್ಮ ಒಂದು ಬೆರಳಗಲ ಹೆಚ್ಚಿದ್ದರೆ ಒಂದು ಮೊಳ ಹೆಚ್ಚು ದೂರ, ಬಿದ್ದರೆ ಪೆಟ್ಟು ಸ್ವಲ್ಪ ಕಡಿಮೆ. ಅರ್ಧ ರೆಕ್ಕೆಗೆ ಅರ್ಧ ಸಂಬಳ ಸಿಗುತ್ತಿತ್ತು. ಇದೇ ಉಪಾಯವನ್ನು ಕ್ಯೂನಿಯೋಸಾರಸ್ ಎಂಬ ಬೇರೆಯೇ ವಂಶದ ಹಲ್ಲಿಯಂಥ ಪ್ರಾಣಿ 20 ಕೋಟಿ ವರ್ಷಕ್ಕೂ ಹಿಂದೆ ಮಾಡಿ ನೋಡಿತ್ತು. ಒಂದಕ್ಕಿಂತ ಹೆಚ್ಚು ಸಲ ವಿಕಾಸವಾದ ಉಪಾಯವನ್ನು ಕಥೆಗಾರರು ಧೈರ್ಯವಾಗಿ ಕದಿಯಬಹುದು. ಚಕ್ರದ ಕಾಲಿನ ಪ್ರಾಣಿ ಮಾತ್ರ ಇದುವರೆಗೆ ಹುಟ್ಟಿಲ್ಲ. ಅರ್ಧ ಚಕ್ರದ ಅಜ್ಜಿಗೆ ಯಾರು ಸಂಬಳ ಕೊಟ್ಟಾರು?

ಅಜ್ಜಿಯೇ ಇಲ್ಲದ ಪ್ರಾಣಿಯನ್ನು ಕಲ್ಪಿಸಿದವರೂ ಇದ್ದಾರೆ, ಅವರ ನಂಟು ಪುಣೆಗಿದೆ. ಫ್ರೆಡ್ ಹಾಯ್ಲ್ ಎಂಬ ಖಗೋಳವಿಜ್ಞಾನಿ 1957ರಲ್ಲಿ 'ದಿ ಬ್ಲ್ಯಾಕ್ ಕ್ಲೌಡ್' ಕಾದಂಬರಿ ಬರೆದರು. ನಕ್ಷತ್ರಗಳ ನಡುವಿನಿಂದ ಒಂದು ಕರಿಯ ಮೋಡ ಬಂದು ಸೂರ್ಯನನ್ನು ಮುಸುಕುತ್ತದೆ. ಆ ಮೋಡಕ್ಕೆ ಬುದ್ಧಿ ಇದೆ, ಮಾತಾಡುತ್ತದೆ. ಒಂದು ಗ್ರಹದ ಮೇಲೂ ಯೋಚಿಸುವ ಜೀವ ಇದೆಯಲ್ಲ ಎಂದು ಅದಕ್ಕೇ ಆಶ್ಚರ್ಯ. ನಿಮ್ಮ ಜಾತಿಯ ಮೊದಲನೆಯವನು ಹುಟ್ಟಿದ್ದು ಹೇಗೆ ಎಂಬ ಮಾತು ಬಂದಾಗ, ಮೊದಲನೆಯವನೇ ಇರಲಿಲ್ಲ ಎಂಬ ಧಾಟಿಯಲ್ಲಿ ಉತ್ತರ ಕೊಡುತ್ತದೆ. ವಿಶ್ವಕ್ಕೆ ಆರಂಭವೇ ಇಲ್ಲ ಎಂದು ವಾದಿಸುತ್ತಿದ್ದ ಹಾಯ್ಲ್ ತಮ್ಮ ಸಿದ್ಧಾಂತವನ್ನು ಮೋಡದ ಬಾಯಿಯಲ್ಲಿ ಹೇಳಿಸಿದರು. ಜಾಣತನ ಒಪ್ಪುತ್ತೇನೆ. ಆದರೆ ನನ್ನ ಮಟ್ಟಿಗೆ ಅದು ಪರೀಕ್ಷೆಗೆ ಕೂರದೆ ಸರ್ಟಿಫಿಕೇಟು ತೆಗೆದುಕೊಂಡಂತೆ.

ಹಾಯ್ಲ್ ಅವರ ಶಿಷ್ಯ ಜಯಂತ ನಾರ್ಳೀಕರರು. ಪುಣೆ ವಿದ್ಯಾಪೀಠದ ಆವರಣದಲ್ಲಿ 1988ರಲ್ಲಿ ಶುರುವಾದ ಆಯುಕಾ ಎಂಬ ಖಗೋಳ ಕೇಂದ್ರವನ್ನು ಕಟ್ಟಿದವರು. ಮರಾಠಿಯಲ್ಲಿ ವಿಜ್ಞಾನ ಕಥೆಗಳನ್ನು ಬರೆದವರು. 2025ರ ಮೇ 20ರಂದು ಇದೇ ಊರಿನಲ್ಲಿ ತೀರಿಕೊಂಡರು. ಬಾಹ್ಯಾಕಾಶದಿಂದ ಸೂಕ್ಷ್ಮಜೀವಿಗಳು ಭೂಮಿಗೆ ಉದುರುತ್ತಿರಬಹುದೇ ಎಂಬ ಹಾಯ್ಲ್ ಅವರ ಪ್ರಶ್ನೆಯನ್ನು ಶಿಷ್ಯ ಕೈಬಿಡಲಿಲ್ಲ. 2005ರ ಏಪ್ರಿಲ್‌ನಲ್ಲಿ ಹೈದರಾಬಾದಿನಿಂದ ದೊಡ್ಡ ಬಲೂನೊಂದನ್ನು ಬಿಟ್ಟು, 20ರಿಂದ 41 ಕಿಲೋಮೀಟರ್ ಎತ್ತರದ ಗಾಳಿಯನ್ನು ಕ್ರಿಮಿಶುದ್ಧ ಕೊಳವೆಗಳಲ್ಲಿ ತುಂಬಿ ತಂದರು. ಪರೀಕ್ಷೆ ನಡೆದ ಲ್ಯಾಬುಗಳಲ್ಲಿ ಒಂದು ಪುಣೆಯ ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರ. ನಿಜಜೀವನದಲ್ಲಿ ಅನ್ಯಲೋಕದ ಪ್ರಾಣಿಗೆ ಬಾಗಿಲು ತೆರೆಯಲು ಇಷ್ಟು ಹತ್ತಿರ ಹೋದವರು ನಮ್ಮಲ್ಲಿ ಕಡಿಮೆ.

ಸಿಕ್ಕಿದ್ದು ಬ್ಯಾಕ್ಟೀರಿಯಾದ 12 ಕಾಲೊನಿ, ಬೂಷ್ಟಿನ 6. ಅವುಗಳನ್ನು ಮೊದಲು ಕೇಳಿದ ಪ್ರಶ್ನೆ ಏನು ಗೊತ್ತೆ? ನಿನ್ನ ಅಜ್ಜಿ ಯಾರು? ಒಂದು ನಿರ್ದಿಷ್ಟ ಜೀನನ್ನು ಓದಿ, ಭೂಮಿಯ ಮೇಲಿನವರೊಂದಿಗೆ ಹೋಲಿಸಿದರು. ಒಂಬತ್ತು, ನಮಗೆ ಪರಿಚಯದ ಪ್ರಭೇದಗಳನ್ನೇ ನೂರಕ್ಕೆ ತೊಂಬತ್ತೆಂಟಕ್ಕಿಂತ ಹೆಚ್ಚು ಪಾಲು ಹೋಲುತ್ತಿದ್ದವು. ಮೂರು ಹೊಸ ಪ್ರಭೇದಗಳೆಂದು 2009ರಲ್ಲಿ ಇಸ್ರೋ ಪ್ರಕಟಿಸಿತು. ಒಂದಕ್ಕೆ ಹಾಯ್ಲ್ ಅವರ ಹೆಸರು, ಒಂದಕ್ಕೆ ಇಸ್ರೋ ಹೆಸರು, ಇನ್ನೊಂದಕ್ಕೆ ಆರ್ಯಭಟನದು. ಆದರೆ ಅವೂ ಇಲ್ಲಿಯ ಪರಿಚಿತ ಕುಲಗಳಿಗೇ ಸೇರಿದವು. ಇವು ಅನ್ಯಲೋಕದವು ಎಂದು ಖಚಿತವಾಗಿಲ್ಲ ಎಂದು ಇಸ್ರೋ ಕೂಡ ಅದೇ ಹೇಳಿಕೆಯಲ್ಲಿ ಹೇಳಿತು. ನಲವತ್ತೊಂದು ಕಿಲೋಮೀಟರ್ ಮೇಲೆ ಹೋದರೂ ನೆಂಟರೇ ಸಿಕ್ಕರು. ಮದುವೆಗೆ ಬಂದ ಧಾರವಾಡದವರಿಗೆ ಆಗುವ ಹಾಗೆ.

ಸಮಯ ಮುಗಿಯುತ್ತ ಬಂತು. ಜೀವವಿಕಾಸದ ಪ್ರಸ್ತಾಪ ಬಂದಾಗ ದಶಾವತಾರವೇ ವಿಕಾಸವಾದ ಎನ್ನುವ ಮಾತನ್ನು ಯಾರಾದರೂ ಎತ್ತಿಯೇ ಎತ್ತುತ್ತಾರೆ, ಮೀನು, ಆಮೆ, ಹಂದಿ, ಅರ್ಧ ಮನುಷ್ಯ ಎಂದು. ಕೇಳಲು ಚಂದ, ಹಾಲ್ಡೇನರೂ ಈ ಹೋಲಿಕೆಗೆ ಮನಸೋತಿದ್ದರು. ಆದರೆ ಮತ್ಸ್ಯ ಕೂರ್ಮನ ಅಜ್ಜಿಯಲ್ಲ. ಅವತಾರಗಳು ಮೇಲಿನಿಂದ ಇಳಿದು ಬಂದವು, ಒಂದರ ಹೊಟ್ಟೆಯಲ್ಲಿ ಇನ್ನೊಂದು ಹುಟ್ಟಲಿಲ್ಲ. ಎರಡನ್ನೂ ಅದರದರ ಜಾಗದಲ್ಲಿ ಬಿಡುವುದು ಎರಡಕ್ಕೂ ಮರ್ಯಾದೆ.

ಮೊನ್ನೆ ರಾತ್ರಿ ಹನ್ನೊಂದಕ್ಕೆ ಫೋನು ಟಣ್ ಅಂದಿತು. ಮೊಮ್ಮಗಳು ಒಂದು ಚಿತ್ರ ಕಳಿಸಿದ್ದಳು. ಮಣ್ಣುಬಣ್ಣದ ಒಂದು ಸಣ್ಣ ಹಕ್ಕಿ, ಎರೆಭೂತದ ಮರಿಯಷ್ಟು. ಕುರುಚಲು ಹುಲ್ಲಿನಲ್ಲಿ ಬಗ್ಗಿ ನೆಲ ಕೆದರುತ್ತಿದೆ. ತಲೆ ಒಂದೇ. ಕುತ್ತಿಗೆಯ ಮಗ್ಗುಲಲ್ಲಿ ಅಡಿಕೆಯ ಗಾತ್ರದ ಒಂದು ಗಂಟು, ಅದರ ಮೇಲೆ ಕಣ್ಣಿನ ಹಾಗೆ ಒಂದು ಹಳದಿ ಚುಕ್ಕೆ. ಹಿಂದಿನಿಂದ ಬರುವ ನರಿಗೆ, ಹಕ್ಕಿ ತನ್ನನ್ನೇ ನೋಡುತ್ತಿದೆ ಅನ್ನಿಸಬೇಕು. ಕೆಳಗೆ ಕನ್ನಡದಲ್ಲೇ ಬರೆದಿದ್ದಳು: ಗಂಡಭೇರುಂಡದ ಅಜ್ಜಿ.

ಅದರ ಹಿಂದೆಯೇ ಇನ್ನೊಂದು ಮೆಸೇಜು. "ಅಜ್ಜಾ, ಇದು ಏನು ತಿಂತದ?"

ಕನ್ನಡಕ ಹುಡುಕಿ ಹಾಕಿಕೊಂಡು, "ಗೆದ್ದಲು" ಎಂದು ಬರೆದೆ.